ಟೀಮ್ಸ್ ಕರೆಯಲ್ಲಿ ಧ್ವನಿ ತುಂಡಾಗುತ್ತಿದ್ದರೆ ಫೈರ್‌ವಾಲ್‌ನಲ್ಲಿ ಏನು ನೋಡಬೇಕು?

ಕಚೇರಿಯ ವೈಫೈನಲ್ಲಿ ಟೀಮ್ಸ್ ಕರೆಯ ಧ್ವನಿ ತುಂಡುತುಂಡಾಗುತ್ತದೆ, ಅದೇ ಲ್ಯಾಪ್‌ಟಾಪ್ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಸರಿಯಾಗಿರುತ್ತದೆ ಎಂದು ನೀವು ಬರೆದಿರುವುದರಿಂದ, ಯುಡಿಪಿ (ಕಳೆದುಹೋದದ್ದಕ್ಕೆ ಕಾಯದೆ ದತ್ತಾಂಶ ಕಳಿಸುವ ವಿಧಾನ) 3478ರಿಂದ 3481ರವರೆಗಿನ ಪೋರ್ಟ್‌ಗಳಿಗೆ ಹೊರಹೋಗುವ ಪ್ಯಾಕೆಟ್‌ಗಳು, ಅಂದರೆ ದತ್ತಾಂಶದ ತುಣುಕುಗಳು, ಡ್ರಾಪ್ ಆಗುತ್ತಿವೆಯೇ ಎಂಬುದನ್ನು ಮೊದಲು ಫೈರ್‌ವಾಲ್ ಲಾಗ್‌ನಲ್ಲಿ ಪರಿಶೀಲಿಸಿ. ಆ ಪೋರ್ಟ್‌ಗಳು ಮುಚ್ಚಿದ್ದರೆ ಟೀಮ್ಸ್ ಯಾವ ಸೂಚನೆಯನ್ನೂ ಕೊಡದೆ ಟಿಸಿಪಿ (ಕಳೆದುಹೋದದ್ದನ್ನು ಮತ್ತೆ ಕಳಿಸಿ ಕ್ರಮವಾಗಿ ತಲುಪಿಸುವ ವಿಧಾನ) 443ನೇ ಪೋರ್ಟ್‌ಗೆ ಹೊರಳುತ್ತದೆ. ಕರೆಯೇನೋ ಸೇರುತ್ತದೆ, ಆದರೆ ಕಳೆದುಹೋದ ಪ್ಯಾಕೆಟ್ ಮತ್ತೆ ಬರುವವರೆಗೆ ಅದರ ಹಿಂದಿರುವವೆಲ್ಲ ಕಾಯಬೇಕಾಗುವುದರಿಂದ ಮಾತು ತಡವರಿಸುತ್ತದೆ. ಮೈಕ್ರೋಸಾಫ್ಟ್ ಪ್ರಕಟಿಸಿರುವ ಐಪಿ ವಿಳಾಸಗಳಿಗೆ ಮಾತ್ರ ಈ ಪೋರ್ಟ್‌ಗಳನ್ನು ತೆರೆದು, ಅದೇ ವಿಳಾಸಗಳನ್ನು ಪ್ರಾಕ್ಸಿಯಿಂದಲೂ (ಸಂಪರ್ಕಗಳನ್ನು ನಡುವೆ ನಿಂತು ಸಾಗಿಸುವ ಸರ್ವರ್) ಟಿಎಲ್‌ಎಸ್ ತಪಾಸಣೆಯಿಂದಲೂ (ಗೂಢಲಿಪೀಕರಿಸಿದ ಸಂಚಾರವನ್ನು ಬಿಚ್ಚಿ ನೋಡುವುದು) ಹೊರಗಿಡಿ. ಹೆಚ್ಚಿನ ಬ್ಯಾಂಡ್‌ವಿಡ್ತ್‌ಗೆ ಹಣ ಸುರಿಯುವ ಮೊದಲು ಇದನ್ನು ಮಾಡಿ ನೋಡಲೇಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಕಚೇರಿಯಲ್ಲಿ ಸಿಪ್ ಫೋನ್‌ಗಳೂ (ಇಂಟರ್ನೆಟ್ ನೆಟ್‌ವರ್ಕ್ ಮೂಲಕ ಕರೆ ಮಾಡುವ ಮೇಜಿನ ಫೋನ್‌ಗಳು) ಇದ್ದು ಒಂದು ಕಡೆಯ ಧ್ವನಿ ಮಾತ್ರ ಕೇಳಿಸುತ್ತಿದ್ದರೆ, ಸಿಪ್ ಎಎಲ್‌ಜಿಯನ್ನು (ಸಿಪ್ ಸಂದೇಶಗಳನ್ನು ತಿದ್ದಿ ಕಳಿಸುವ ಫೈರ್‌ವಾಲ್ ಅಥವಾ ರೌಟರ್ ಸೌಲಭ್ಯ) ಆಫ್ ಮಾಡಿ ಪರೀಕ್ಷಿಸಿ.