ಮನೆಯಲ್ಲಿ ಯೂನಿಫಾರ್ಮ್ ಒಗೆದುಕೊಂಡರೆ ಬ್ರಿಟನ್ನಿನಲ್ಲಿ ಟ್ಯಾಕ್ಸ್ ವಾಪಸ್ ಬರುತ್ತದೆಯೇ?

ಪ್ರಶ್ನೆ: ಮಂಗಳೂರಿನಲ್ಲಿ ನರ್ಸಿಂಗ್ ಮುಗಿಸಿ 2023ರ ಜನವರಿಯಿಂದ ಇಂಗ್ಲೆಂಡಿನ ಎನ್‌ಎಚ್‌ಎಸ್ (ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಆಸ್ಪತ್ರೆಯ ವಾರ್ಡಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಯೂನಿಫಾರ್ಮ್ ಮನೆಯಲ್ಲೇ ಒಗೆಯುವುದು. ಅದಕ್ಕೆ ಟ್ಯಾಕ್ಸ್ ವಾಪಸ್ ಸಿಗುತ್ತದೆ ಎಂದು ಒಬ್ಬ ಏಜೆಂಟ್ 40 ಪರ್ಸೆಂಟ್ ಕಮಿಷನ್ ಕೇಳುತ್ತಿದ್ದಾನೆ. ನಾನೇ ಮಾಡಿಕೊಳ್ಳಬಹುದಾ? ಊರಲ್ಲಿ ಸ್ಟಾಫ್ ನರ್ಸ್ ಆಗಿರುವ ತಂಗಿಗೂ ಇಂಥದ್ದು ಇದೆಯಾ?

ಉತ್ತರ:

ನೀವೇ ಮಾಡಿಕೊಳ್ಳಬಹುದು, ದುಡ್ಡು ಕೊಡುವ ಅಗತ್ಯವೇ ಇಲ್ಲ. ಆದರೆ ಮೊತ್ತ ಎಷ್ಟು ಎಂಬುದು ಮೊದಲೇ ಗೊತ್ತಿರಲಿ, ಇಲ್ಲದಿದ್ದರೆ ಆಮೇಲೆ ನಿರಾಸೆ.

ಬ್ರಿಟನ್ನಿನ ತೆರಿಗೆ ಇಲಾಖೆಯಾದ ಎಚ್‌ಎಂಆರ್‌ಸಿ ನಿಮ್ಮ ಸೋಪು, ಕರೆಂಟು, ನೀರಿನ ಖರ್ಚನ್ನು ಲೆಕ್ಕ ಹಾಕಿ ಕೊಡುವುದಿಲ್ಲ. ಕೆಲಸಕ್ಕೊಂದರಂತೆ ವರ್ಷಕ್ಕೆ ಇಂತಿಷ್ಟು ಖರ್ಚು ಎಂದು ಒಪ್ಪಿಕೊಂಡಿರುವ ಪಟ್ಟಿಯೊಂದಿದೆ. ಅಲ್ಲಿನವರು ಇದನ್ನು ಫ್ಲಾಟ್ ರೇಟ್ ಎಕ್ಸ್‌ಪೆನ್ಸಸ್ ಎನ್ನುತ್ತಾರೆ. ಪಟ್ಟಿಯಲ್ಲಿ ಹೆಸರಿಲ್ಲದ ಕೆಲಸವಾದರೆ 60 ಪೌಂಡ್. ನರ್ಸ್, ಮಿಡ್‌ವೈಫ್, ಹೆಲ್ತ್‌ಕೇರ್ ಅಸಿಸ್ಟೆಂಟ್, ಫಿಸಿಯೋಥೆರಪಿಸ್ಟ್, ರೇಡಿಯೋಗ್ರಾಫರ್ ಇವರಿಗೆಲ್ಲ 125. ಆಸ್ಪತ್ರೆಯ ಪೋರ್ಟರ್, ವಾರ್ಡ್ ಕ್ಲರ್ಕ್, ಅಡುಗೆಮನೆಯವರಿಗೂ 125. ಲ್ಯಾಬ್ ಮತ್ತು ಫಾರ್ಮಸಿಯವರಿಗೆ 80, ಆಂಬುಲೆನ್ಸ್ ಸಿಬ್ಬಂದಿಗೆ 185. ವಿಮಾನದ ಪೈಲಟ್‌ಗೆ 1,022 ಪೌಂಡ್. ಅವರ ಬಟ್ಟೆ ಅಷ್ಟೊಂದು ಕೊಳೆಯಾಗುತ್ತದೆಯೇ ಎಂದು ನನ್ನನ್ನು ಕೇಳಬೇಡಿ.

ಎಲ್ಲರೂ ಎಡವುವುದು ಮುಂದಿನ ಮಾತಿನಲ್ಲಿ. ಈ 125 ಪೌಂಡ್ ನಿಮ್ಮ ಕೈಗೆ ಬರುವ ಹಣವಲ್ಲ. ಅಷ್ಟು ಸಂಬಳದ ಮೇಲೆ ತೆರಿಗೆ ಹಾಕುವುದಿಲ್ಲ, ಅಷ್ಟೇ. ಶೇ 20ರ ದರದಲ್ಲಿ ತೆರಿಗೆ ಕಟ್ಟುವವರಿಗೆ ಉಳಿಯುವುದು ವರ್ಷಕ್ಕೆ 25 ಪೌಂಡ್, ಶೇ 40ರವರಿಗೆ 50. ಸ್ಕಾಟ್ಲೆಂಡಿನಲ್ಲಿ ತೆರಿಗೆಯ ದರಗಳೇ ಬೇರೆ, ಹಾಗಾಗಿ ಅಲ್ಲಿ ಸ್ವಲ್ಪ ಹೆಚ್ಚುಕಡಿಮೆ. ನರ್ಸ್‌ಗಳಿಗೆ ಇದರ ಜೊತೆ ಇನ್ನೆರಡು ಸಣ್ಣ ಮೊತ್ತಗಳಿವೆ: ಶೂಗೆ 12 ಪೌಂಡ್, ಸಾಕ್ಸ್ ಅಥವಾ ಟೈಟ್ಸ್‌ಗೆ 6 ಪೌಂಡ್. ಇಂಥದೇ ಬಣ್ಣ, ಇಂಥದೇ ಮಾದರಿ ಹಾಕಬೇಕೆಂದು ಆಸ್ಪತ್ರೆ ಕಡ್ಡಾಯ ಮಾಡಿರಬೇಕು, ಅದನ್ನು ಅವರೇ ಕೊಡುತ್ತಿರಬಾರದು. ಎರಡೂ ಅನ್ವಯಿಸಿದರೆ ಒಟ್ಟು 143, ಉಳಿಯುವುದು 28 ಪೌಂಡ್ 60 ಪೆನ್ಸ್.

ಯಾರಿಗೆ ಸಿಗುತ್ತದೆ, ಯಾರಿಗೆ ಇಲ್ಲ? ಬಟ್ಟೆ ನೋಡಿದ ಕೂಡಲೇ ಇವರು ಇಂಥ ಕೆಲಸದವರು ಎಂದು ಗೊತ್ತಾಗಬೇಕು. ನರ್ಸ್ ಟ್ಯೂನಿಕ್ (ನರ್ಸ್‌ಗಳ ಮೇಲಂಗಿ) ಆಗುತ್ತದೆ, ಕಂಪನಿಯ ಲೋಗೋ ಹೊಲಿದಿರುವ ಟೀ ಶರ್ಟ್ ಆಗುತ್ತದೆ. ಕಪ್ಪು ಪ್ಯಾಂಟು, ಬಿಳಿ ಶರ್ಟ್ ಹಾಕಿಕೊಂಡೇ ಬರಬೇಕೆಂದು ಮ್ಯಾನೇಜರ್ ಎಷ್ಟೇ ಕಟ್ಟುನಿಟ್ಟು ಮಾಡಿದರೂ ಅದು ಆಗುವುದಿಲ್ಲ. ಅದರ ಮೇಲೆ ಪಿನ್ ಹಾಕಿ ಸಿಕ್ಕಿಸಿದ ಬ್ಯಾಡ್ಜ್ ಇದ್ದರೂ ಆಗುವುದಿಲ್ಲ, ಯಾಕೆಂದರೆ ಬ್ಯಾಡ್ಜ್ ತೆಗೆದರೆ ಅದು ಮಾಮೂಲಿ ಬಟ್ಟೆ. ಕೋರ್ಟಿಗೆಂದೇ ಕೊಂಡ ಕಪ್ಪು ಉಡುಪಿನ ಖರ್ಚನ್ನು ಬ್ಯಾರಿಸ್ಟರ್ ಆನ್ ಮ್ಯಾಲಲ್ಯೂ ಕೇಳಿದಾಗ, 1983ರಲ್ಲಿ ಆಗಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಅದನ್ನೂ ತಳ್ಳಿಹಾಕಿತು: ಮೈಮುಚ್ಚಲು ಬಟ್ಟೆ ಹೇಗಿದ್ದರೂ ಬೇಕಲ್ಲ ಎಂಬುದು ಅದರ ತಿರುಳು. ಅವರು ಸ್ವಂತ ವೃತ್ತಿಯವರು, ನೀವು ಸಂಬಳದವರು, ಆದರೂ ಮಾಮೂಲಿ ಬಟ್ಟೆಯ ವಿಚಾರದಲ್ಲಿ ಇಲಾಖೆಯ ನಿಲುವು ಒಂದೇ.

ನಿಮ್ಮ ಟ್ಯೂನಿಕ್ ಬಗ್ಗೆ ಈ ಜಗಳವಿಲ್ಲ. ನೀವು ನೋಡಬೇಕಾದದ್ದು ಲಾಂಡ್ರಿ. ಆಸ್ಪತ್ರೆಯೇ ಯೂನಿಫಾರ್ಮ್ ಒಗೆದುಕೊಡುವ ವ್ಯವಸ್ಥೆ ಇಟ್ಟಿದ್ದು, ಅಲ್ಲಿ ಕೊಡಲು ಬೇಜಾರು ಎಂದು ನೀವು ಮನೆಗೆ ತರುತ್ತಿದ್ದರೆ ವಿನಾಯಿತಿ ಇಲ್ಲ. ಆಪರೇಷನ್ ಥಿಯೇಟರಿನಲ್ಲಿ ಆಸ್ಪತ್ರೆಯ ಸ್ಕ್ರಬ್ಸ್ (ಅಲ್ಲಿನ ಉಡುಪು) ಹಾಕಿಕೊಂಡು ಅಲ್ಲೇ ಬಿಟ್ಟು ಬರುವ ನರ್ಸ್‌ಗಳು ಒಗೆಯುವ ಖರ್ಚು ಕೇಳುವಂತಿಲ್ಲ. ವಾರ್ಡಿನವರು ಸಾಮಾನ್ಯವಾಗಿ ಮನೆಯಲ್ಲೇ ಒಗೆಯಬೇಕಾಗುತ್ತದೆ. 60 ಡಿಗ್ರಿ ಬಿಸಿನೀರಿನಲ್ಲಿ 10 ನಿಮಿಷ ಒಗೆದರೆ ಬಹುಪಾಲು ರೋಗಾಣು ಹೋಗುತ್ತವೆ ಎಂದು ಎನ್‌ಎಚ್‌ಎಸ್‌ನ ಯೂನಿಫಾರ್ಮ್ ಮಾರ್ಗಸೂಚಿಯೇ ಹೇಳುತ್ತದೆ. ನಿಮ್ಮ ಆಸ್ಪತ್ರೆ ನಡೆಸುವ ಎನ್‌ಎಚ್‌ಎಸ್ ಟ್ರಸ್ಟಿನ ಯೂನಿಫಾರ್ಮ್ ಪಾಲಿಸಿಯಲ್ಲಿ ಲಾಂಡ್ರಿ ಬಗ್ಗೆ ಏನಿದೆ ಎಂದು ಒಮ್ಮೆ ಓದಿ, ಆ ಪುಟದ ಪ್ರತಿ ಇಟ್ಟುಕೊಳ್ಳಿ. ಸಂಬಳದ ಜೊತೆ ಲಾಂಡ್ರಿ ಅಲೋವೆನ್ಸ್ ಎಂದು ಏನಾದರೂ ಕೊಡುತ್ತಿದ್ದರೆ ಅಷ್ಟನ್ನು 125ರಿಂದ ಕಳೆದು ಉಳಿದದ್ದನ್ನು ಮಾತ್ರ ಕೇಳಬೇಕು.

ಇನ್ನೊಂದು ಷರತ್ತು: ಆ ವರ್ಷ ನೀವು ತೆರಿಗೆ ಕಟ್ಟಿರಬೇಕು. ಕಟ್ಟದ ತೆರಿಗೆ ವಾಪಸ್ ಬರುವುದಿಲ್ಲ. ವಾರಕ್ಕೆ 20 ಗಂಟೆ ಸೂಪರ್‌ಮಾರ್ಕೆಟ್ಟಿನಲ್ಲಿ ದುಡಿಯುವ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಇದೇ ಕಾರಣಕ್ಕೆ ಏನೂ ಸಿಗುವುದಿಲ್ಲ, ಯಾಕೆಂದರೆ ವರ್ಷಕ್ಕೆ 12,570 ಪೌಂಡ್ ದಾಟುವವರೆಗೆ ತೆರಿಗೆಯೇ ಇಲ್ಲ.

ಇದನ್ನೇ ನಿಮ್ಮ ವಿಷಯಕ್ಕೆ ಹಚ್ಚಿ ನೋಡಿ. ಅಲ್ಲಿನ ತೆರಿಗೆ ವರ್ಷ ಏಪ್ರಿಲ್ 6ರಿಂದ ಮುಂದಿನ ಏಪ್ರಿಲ್ 5ರವರೆಗೆ. ನೀವು ಸೇರಿದ್ದು 2023ರ ಜನವರಿ, ಅಂದರೆ 2022-23ರಲ್ಲಿ ಸಿಕ್ಕಿದ್ದು ಹೆಚ್ಚೆಂದರೆ ಮೂರು ತಿಂಗಳ ಸಂಬಳ. ಹೊಸ ನರ್ಸ್‌ಗಳು ಸೇರುವ ಸಂಬಳ ಶ್ರೇಣಿಯಾದ ಬ್ಯಾಂಡ್ 5ರ ಆರಂಭದ ಸಂಬಳ ಆಗ ವರ್ಷಕ್ಕೆ 27,055 ಪೌಂಡ್ ಇತ್ತು. ಮೂರು ತಿಂಗಳಿಗೆ 7,000 ಕೂಡ ಆಗುವುದಿಲ್ಲ. ಹಾಗಾಗಿ ಆ ವರ್ಷಕ್ಕೆ ಯೂನಿಫಾರ್ಮ್ ಲೆಕ್ಕದಲ್ಲಿ ಕೇಳುವುದಕ್ಕೆ ಏನೂ ಇಲ್ಲ. ಆದರೆ ಆಗಿನ ಪೇಸ್ಲಿಪ್ ತೆಗೆದು ಟ್ಯಾಕ್ಸ್ ಕೋಡ್ (ಎಷ್ಟು ಸಂಬಳಕ್ಕೆ ತೆರಿಗೆ ಇಲ್ಲ ಎಂದು ತೋರಿಸುವ ಸಂಕೇತ) ನೋಡಿ. 1257ಎಲ್ ಪಕ್ಕದಲ್ಲಿ ಎಂ1 ಅಥವಾ ಎಕ್ಸ್ ಎಂದಿದ್ದರೆ, ಹಿಂದಿನ ತಿಂಗಳುಗಳ ಬಳಸದೆ ಉಳಿದ ವಿನಾಯಿತಿಯನ್ನು ಲೆಕ್ಕಕ್ಕೆ ಹಿಡಿಯದೆ ತೆರಿಗೆ ಮುರಿದಿದ್ದಾರೆ ಎಂದರ್ಥ. ಆ ಸಂಬಳಕ್ಕೆ ಹೀಗೆ ಮುರಿದ ತೆರಿಗೆ ತಿಂಗಳಿಗೆ 200 ಪೌಂಡಿಗಿಂತ ಹೆಚ್ಚು. ಅದು ಇನ್ನೂ ವಾಪಸ್ ಬಂದಿಲ್ಲವಾದರೆ ಮೊದಲು ಅದನ್ನು ಕೇಳಿ, ಯೂನಿಫಾರ್ಮ್ ಆಮೇಲೆ. ವಿದೇಶದಿಂದ ವರ್ಷದ ನಡುವೆ ಬಂದು ಸೇರಿದವರು ಬಿಟ್ಟುಬಿಡುವ ದೊಡ್ಡ ಹಣ ಇದೇ.

ಹಿಂದಿನ ನಾಲ್ಕು ವರ್ಷಗಳವರೆಗೆ ಕೇಳಬಹುದು. ಒಂದು ತೆರಿಗೆ ವರ್ಷ ಮುಗಿದ ದಿನದಿಂದ ನಾಲ್ಕು ವರ್ಷ ಎಣಿಸಿ: 2022-23ಕ್ಕೆ ಕೊನೆಯ ದಿನ 2027ರ ಏಪ್ರಿಲ್ 5, 2023-24ಕ್ಕೆ 2028ರ ಏಪ್ರಿಲ್ 5.

ಅರ್ಜಿಯ ಹೆಸರು ಪಿ87. ಗವ್ ಡಾಟ್ ಯುಕೆ ತಾಣದಲ್ಲಿ ಕೆಲಸದ ಖರ್ಚಿನ ತೆರಿಗೆ ವಿನಾಯಿತಿ ಎಂಬ ಪುಟದಿಂದ ಹೋಗಿ. ಗೂಗಲ್‌ನಲ್ಲಿ ಮೇಲೆ ಬರುವ ಜಾಹೀರಾತು ಒತ್ತಬೇಡಿ, ಅವು ಬಹುತೇಕ ಏಜೆಂಟರವು. ಲಾಗಿನ್ ಆಗುವ ಮೊದಲು ಕೈಯಲ್ಲಿ ಇರಬೇಕಾದದ್ದು: ನ್ಯಾಷನಲ್ ಇನ್ಶೂರೆನ್ಸ್ ನಂಬರ್, ಪಿ60 (ವರ್ಷದ ಸಂಬಳ, ತೆರಿಗೆಯ ಪ್ರಮಾಣಪತ್ರ) ಅಥವಾ ಪೇಸ್ಲಿಪ್‌ನಲ್ಲಿರುವ ಉದ್ಯೋಗದಾತರ ಪೇ (ಪಿಎವೈಇ) ರೆಫರೆನ್ಸ್ ಸಂಖ್ಯೆ, ನಿಮ್ಮ ಹುದ್ದೆಯ ಹೆಸರು, ಬ್ಯಾಂಕ್ ವಿವರ. ಆನ್‌ಲೈನ್ ಬೇಡವಾದರೆ ಅದೇ ಫಾರಂ ಪ್ರಿಂಟ್ ತೆಗೆದು ಸಹಿ ಹಾಕಿ ಅಂಚೆಯಲ್ಲಿ ಕಳಿಸಬಹುದು. ಒಗೆಯುವ ನಿಗದಿತ ಮೊತ್ತಕ್ಕೆ ರಸೀದಿ ಬೇಕಿಲ್ಲ. ನನ್ನ ನಿಜವಾದ ಖರ್ಚು 125ಕ್ಕಿಂತ ಹೆಚ್ಚು ಎಂದು ವಾದಿಸುವುದಾದರೆ ಮಾತ್ರ ಪ್ರತಿಯೊಂದಕ್ಕೂ ದಾಖಲೆ ಕೊಡಬೇಕು. ಮನೆಯ ವಾಷಿಂಗ್ ಮೆಷೀನಿನಲ್ಲಿ ಒಗೆಯುವವರಿಗೆ ಆ ದಾರಿ ವ್ಯರ್ಥ.

ಫಾರಂನಲ್ಲಿ ಆಗುವ ತಪ್ಪು ಮುಖ್ಯವಾಗಿ ಎರಡು. ಖರ್ಚಿನ ಮೊತ್ತ ಬರೆಯುವಲ್ಲಿ 125 ಅಥವಾ 143 ಎಂದು ಬರೆಯಬೇಕು. ಕೆಲವರು ತಾವೇ ಶೇ 20 ಲೆಕ್ಕ ಹಾಕಿ 25 ಎಂದು ಬರೆಯುತ್ತಾರೆ, ಇಲಾಖೆ ಆ 25ರ ಮೇಲೆ ಮತ್ತೆ ಶೇ 20 ಹಾಕಿ 5 ಪೌಂಡ್ ಕೊಡುತ್ತದೆ. ಎರಡನೆಯದು, ಉದ್ಯೋಗದ ಕ್ಷೇತ್ರವನ್ನು ಸರಿಯಾಗಿ ತೋರಿಸದಿರುವುದು. ಆರೋಗ್ಯ ಕ್ಷೇತ್ರ, ಅದರೊಳಗೆ ನರ್ಸ್ ಎಂದು ಸ್ಪಷ್ಟವಾಗಿರಲಿ. ಇಲ್ಲವಾದರೆ 60ಕ್ಕೆ ಇಳಿಯುತ್ತದೆ.

ಅದೇ ಪಿ87ನಲ್ಲಿ ನರ್ಸ್‌ಗಳ ನೋಂದಣಿ ಮಂಡಳಿಯಾದ ಎನ್‌ಎಂಸಿ ನೋಂದಣಿಯ ವಾರ್ಷಿಕ ಶುಲ್ಕವನ್ನೂ ಸೇರಿಸಿ. 2015ರಲ್ಲಿ ಅದು 120 ಪೌಂಡಿಗೆ ಏರಿತು, ಅಂದರೆ ಉಳಿತಾಯ 24 ಪೌಂಡ್, ಯೂನಿಫಾರ್ಮಿನಷ್ಟೇ ಆಯಿತು. ನರ್ಸ್‌ಗಳ ಸಂಘವಾದ ಆರ್‌ಸಿಎನ್ ಸದಸ್ಯರಾಗಿದ್ದರೆ ಅದರ ಚಂದಾವನ್ನೂ ಕೇಳಬಹುದು. ಇವಕ್ಕೆ ಮಾತ್ರ ಹಣ ಕಟ್ಟಿದ ರಸೀದಿ ಲಗತ್ತಿಸಬೇಕು, 2024ರ ಅಕ್ಟೋಬರಿನಿಂದ ಇದರಲ್ಲಿ ಬಿಗಿ ಬಂದಿದೆ. ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆ, ನರ್ಸ್‌ಗಳ ಪ್ರಾಯೋಗಿಕ ಪರೀಕ್ಷೆ ಓಸ್ಕಿ, ವೀಸಾ ಶುಲ್ಕ, ಮನೆಯಿಂದ ಆಸ್ಪತ್ರೆಗೆ ಬಸ್ ಖರ್ಚು ಇವು ಯಾವುವೂ ಸಲ್ಲುವುದಿಲ್ಲ. ಕೆಲಸ ಪಡೆಯಲು ಆದ ಖರ್ಚು ಬೇರೆ, ಕೆಲಸ ಮಾಡುತ್ತಾ ಆದ ಖರ್ಚು ಬೇರೆ.

ಮುಗಿದ ವರ್ಷಗಳ ಹಣ ಬ್ಯಾಂಕಿಗೆ ಅಥವಾ ಚೆಕ್ಕಾಗಿ ಬರುತ್ತದೆ. ಚಾಲ್ತಿ ವರ್ಷದ್ದು ಹಾಗೆ ಬರುವುದಿಲ್ಲ, ಟ್ಯಾಕ್ಸ್ ಕೋಡ್ ಬದಲಾಗುತ್ತದೆ. 1257ಎಲ್ ಇದ್ದದ್ದು 125 ಸೇರಿ 1269ಎಲ್ ಆಗಬೇಕು, 143 ಆದರೆ 1271ಎಲ್. 12,570ಕ್ಕೆ ಮೊತ್ತ ಕೂಡಿಸಿ ಕೊನೆಯ ಅಂಕಿ ಬಿಟ್ಟರೆ ಕೋಡ್ ಸಿಗುತ್ತದೆ, ನೀವೇ ತಾಳೆ ನೋಡಬಹುದು. ಒಮ್ಮೆ ಕೋಡ್‌ಗೆ ಸೇರಿದ ಮೇಲೆ ಮುಂದಿನ ವರ್ಷಗಳಿಗೂ ತಾನೇ ಮುಂದುವರಿಯುತ್ತದೆ, ಪ್ರತಿ ವರ್ಷ ಅರ್ಜಿ ಬೇಡ. ಅರ್ಜಿ ಹಾಕುವ ಮುನ್ನವೇ ಎಚ್‌ಎಂಆರ್‌ಸಿ ಆ್ಯಪ್‌ನಲ್ಲಿ ಕೋಡಿನ ವಿವರ ನೋಡಿಕೊಳ್ಳಿ, ಇದು ಆಗಲೇ ಸೇರಿರಲೂಬಹುದು. ಮುಂದೆ ಯೂನಿಫಾರ್ಮ್ ಇಲ್ಲದ ಆಫೀಸ್ ಹುದ್ದೆಗೆ ಹೋದರೆ ತೆಗೆಸುವುದು ನಿಮ್ಮ ಜವಾಬ್ದಾರಿ, ಸುಮ್ಮನಿದ್ದರೆ ಬಾಕಿ ಎಂದು ಮುಂದೆ ವಸೂಲಿ ಮಾಡುತ್ತಾರೆ. ಸೆಲ್ಫ್ ಅಸೆಸ್‌ಮೆಂಟ್ (ಆದಾಯದ ಲೆಕ್ಕ ತಾವೇ ಸಲ್ಲಿಸುವ) ರಿಟರ್ನ್ ಹಾಕುವವರಿಗೆ ಪಿ87 ಇಲ್ಲ, ರಿಟರ್ನಿನ ಉದ್ಯೋಗದ ಪುಟದಲ್ಲೇ ಬರೆಯಬೇಕು.

ಏಜೆಂಟನ ವಿಷಯ. 28 ಪೌಂಡ್ 60 ಪೆನ್ಸಿನಲ್ಲಿ 40 ಪರ್ಸೆಂಟ್ ಅಂದರೆ ಸುಮಾರು ಹನ್ನೊಂದೂವರೆ ಪೌಂಡ್, ಅದೂ ಪ್ರತಿ ವರ್ಷದ ಲೆಕ್ಕಕ್ಕೆ. ಅದು ಹೋದರೆ ಹೋಗಲಿ ಎನ್ನಬಹುದು. ಕಮಿಷನ್ ದೊಡ್ಡದಾಗಲೆಂದು ಮಾಡದ ಪ್ರಯಾಣ, ಇಲ್ಲದ ಖರ್ಚು ಸೇರಿಸಿಬಿಟ್ಟರೆ ಮಾತ್ರ ಕಷ್ಟ: ಅರ್ಜಿ ನಿಮ್ಮ ಹೆಸರಿನಲ್ಲಿ ಹೋಗುತ್ತದೆ, ಸುಳ್ಳೆಂದು ಗೊತ್ತಾದರೆ ಪೂರ್ತಿ ಹಣ ನಿಮ್ಮಿಂದಲೇ ವಸೂಲು, ಏಜೆಂಟನ ಪಾಲು ಸೇರಿಸಿ. ರಿಫಂಡ್ ಹಕ್ಕನ್ನೇ ಏಜೆಂಟನಿಗೆ ಬರೆದುಕೊಡುವುದಕ್ಕೆ 2023ರ ಮಾರ್ಚ್ 15ರಿಂದ ಮಾನ್ಯತೆ ಇಲ್ಲ. ಆದರೂ ನಿಮ್ಮ ಪರವಾಗಿ ಹಣ ಪಡೆಯುವವರನ್ನು ನೇಮಿಸುವ ಭಾಗವೊಂದು ಫಾರಂನಲ್ಲಿ ಇದೆ, ಅದನ್ನು ಖಾಲಿ ಬಿಡಿ. ಲಾಗಿನ್ ಪಾಸ್‌ವರ್ಡ್ ಯಾರಿಗೂ ಬೇಡ. ಊರಿಗೆ ವಾಪಸ್ ಹೋಗುವ ಯೋಚನೆ ಇದ್ದರೆ ರಿಫಂಡ್ ಬರುವ ತನಕ ಅಲ್ಲಿನ ಬ್ಯಾಂಕ್ ಖಾತೆ ಮುಚ್ಚಬೇಡಿ, ಪೌಂಡಿನ ಚೆಕ್ಕನ್ನು ಇಲ್ಲಿ ಹಣವಾಗಿಸುವುದು ಬಹಳ ರಗಳೆ.

ಇನ್ನು ನಿಮ್ಮ ತಂಗಿ. ಭಾರತದಲ್ಲಿ ಮನೆಯಲ್ಲಿ ಒಗೆದ ಖರ್ಚಿಗೆ ನೇರವಾಗಿ ವಿನಾಯಿತಿ ಇಲ್ಲ. ಆಸ್ಪತ್ರೆಯವರು ಸಂಬಳದಲ್ಲಿ ಯೂನಿಫಾರ್ಮ್ ಅಥವಾ ವಾಷಿಂಗ್ ಅಲೋವೆನ್ಸ್ ಎಂದು ಪ್ರತ್ಯೇಕವಾಗಿ ಕೊಡುತ್ತಿದ್ದರೆ, ಕೊಳ್ಳಲು ಮತ್ತು ಒಗೆಯಲು ನಿಜವಾಗಿ ಖರ್ಚಾದಷ್ಟಕ್ಕೆ ತೆರಿಗೆ ಇಲ್ಲ. 1961ರ ಆದಾಯ ತೆರಿಗೆ ಕಾಯಿದೆಯಲ್ಲಿ ಇದು ಸೆಕ್ಷನ್ 10(14), ನಿಯಮ 2ಬಿಬಿ ಅಡಿ ಬರುತ್ತಿತ್ತು. ಅದೂ ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ. 2023-24ರಿಂದ ಹೊಸ ಪದ್ಧತಿಯೇ ತಾನಾಗಿ ಅನ್ವಯವಾಗುವುದರಿಂದ, ನಿಮ್ಮ ತಂಗಿ ಆಸ್ಪತ್ರೆಯ ಪೇರೋಲ್ (ಸಂಬಳದ) ವಿಭಾಗಕ್ಕೆ ಹಳೆಯದು ಬೇಕೆಂದು ಹೇಳಿಲ್ಲದಿದ್ದರೆ ಆ ಅಲೋವೆನ್ಸ್‌ಗೂ ತೆರಿಗೆ ಬೀಳುತ್ತದೆ. ಹಾಗೆಂದು ಇದೊಂದಕ್ಕೋಸ್ಕರ ಹಳೆಯ ಪದ್ಧತಿಗೆ ಹೋಗುವುದು ಬೇಡ. ಹೊಸದರಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ರೂಪಾಯಿ, ಹಳೆಯದರಲ್ಲಿ 50,000. ವ್ಯತ್ಯಾಸ ಅಲ್ಲೇ ತುಂಬಿಹೋಗುತ್ತದೆ. ಮನೆ ಬಾಡಿಗೆ, ಎಲ್‌ಐಸಿ, ಪಿಎಫ್ ಎಲ್ಲ ಸೇರಿಸಿ ಎರಡೂ ರೀತಿ ಲೆಕ್ಕ ಹಾಕಿ ನೋಡಿ ಆರಿಸಿಕೊಳ್ಳಲಿ.