ಸಾಂತ್ವನ ಮೊದಲೋ, ಸಾಕ್ಷಿ ಮೊದಲೋ?

ಪ್ರಶ್ನೆ: ಪಕ್ಕದ ಮನೆಯವರು ಇತ್ತೀಚೆಗೆ ಪತಿಯನ್ನು ಕಳೆದುಕೊಂಡರು. ಹನ್ನೊಂದನೆಯ ದಿನದ ಕಾರ್ಯಕ್ಕೆ ಹೋಗಿದ್ದ ನಾನು, ಹಾರ ಹಾಕಿದ ಫೋಟೊದ ಮುಂದೆಯೇ ಯೇಸುಸ್ವಾಮಿಯ ವಿಷಯ ತೆಗೆದಾಗ ಅವರು ಮಾತಾಡದೆ ಎದ್ದು ಒಳಗೆ ಹೋದರು. ನಾನು ತಪ್ಪು ಮಾಡಿದೆನೇ?
– ಓದುಗರೊಬ್ಬರು, ರಾಜಾಜಿನಗರ, ಬೆಂಗಳೂರು

ಉತ್ತರ: ನಿಮ್ಮ ಉದ್ದೇಶ ಒಳ್ಳೆಯದೇ, ಆದರೆ ಸಮಯ ಸರಿಯಿರಲಿಲ್ಲ. ನಮ್ಮಲ್ಲಿರುವ ನಿರೀಕ್ಷೆಗೆ ಆಧಾರವೇನೆಂದು ಕೇಳುವವರಿಗೆ ಉತ್ತರ ಹೇಳಲು ಸದಾ ಸಿದ್ಧರಾಗಿರಬೇಕೆಂದೂ, ಆ ಉತ್ತರ ಸಾತ್ವಿಕತೆಯಿಂದ ಕೂಡಿರಬೇಕೆಂದೂ ಬೈಬಲಿನಲ್ಲಿರುವ, ಯೇಸುವಿನ ಶಿಷ್ಯ ಪೇತ್ರನ ಮೊದಲನೆಯ ಪತ್ರಿಕೆಯ (ಪತ್ರದ) 3ನೇ ಅಧ್ಯಾಯ ಹೇಳುತ್ತದೆ. ಅಲ್ಲಿನ ‘ಕೇಳುವವರಿಗೆ’ ಎಂಬ ಮಾತನ್ನು ನಾವು (ನಾನೂ ಸೇರಿದಂತೆ) ಉತ್ಸಾಹದಲ್ಲಿ ಮರೆತುಬಿಡುತ್ತೇವೆ. ಬೈಬಲಿನಲ್ಲಿ, ಮಕ್ಕಳನ್ನು ಕಳೆದುಕೊಂಡು ದುಃಖದಲ್ಲಿದ್ದ ಯೋಬನ ಗೆಳೆಯರು ಏಳು ಹಗಲು, ಏಳು ರಾತ್ರಿ ಅವನೊಡನೆ ನೆಲದ ಮೇಲೆ ಮೌನವಾಗಿ ಕುಳಿತಿದ್ದರು. ಅವರು ಎಡವಿದ್ದು ಬಾಯಿ ತೆರೆದ ಮೇಲೆ.

ಇನ್ನೊಮ್ಮೆ ಹೋಗಿ, ನೇರವಾಗಿ ಕ್ಷಮೆ ಕೇಳಿ. ಪತಿಯ ಬಗ್ಗೆ ಅವರು ಏನು ಹೇಳಿದರೂ ಪೂರ್ತಿಯಾಗಿ ಕೇಳಿಸಿಕೊಳ್ಳಿ. ಪಿಂಚಣಿಯ ಕಾಗದಪತ್ರಗಳಿಗೆ, ಬ್ಯಾಂಕಿನ ಓಡಾಟಕ್ಕೆ ಜೊತೆಯಾಗಿ. ಆದರೆ ಆ ಉಪಕಾರದ ಹಿಂದೆಯೇ ಆರಾಧನೆಗೆ ಕರೆಯಬೇಡಿ, ಏಕೆಂದರೆ ಋಣದಲ್ಲಿರುವವರಿಗೆ ಬೇಡವೆನ್ನುವ ಸ್ವಾತಂತ್ರ್ಯ ಉಳಿದಿರುವುದಿಲ್ಲ. ಮುಂದೆಂದಾದರೂ ಅವರಾಗಿಯೇ ನಿಮ್ಮ ವಿಶ್ವಾಸದ ಬಗ್ಗೆ ಕೇಳಿದರೆ, ಅವರ ದೇವರಮನೆಯನ್ನು ಹಳಿಯದೆ, ನಿಮ್ಮ ಬದುಕಿನಲ್ಲಿ ಕ್ರಿಸ್ತನು ಮಾಡಿದ್ದನ್ನಷ್ಟೇ ಹೇಳಿ.