ಕನಕಾಂಬರ: ಎಲೆಯಲ್ಲಿ ಕಾಣುವ ಕಾಯಿಲೆಗೆ ಬೇರಿನಲ್ಲಿ ಮದ್ದು

ಈ ತಿಂಗಳು ಬಂದ ಪತ್ರಗಳಲ್ಲಿ ಕನಕಾಂಬರವನ್ನು ಕುರಿತವೇ ಹೆಚ್ಚಾಗಿದ್ದುದರಿಂದ ಅಂಕಣವನ್ನು ಪೂರ್ತಿಯಾಗಿ ಆ ಒಂದೇ ಗಿಡಕ್ಕೆ ಮೀಸಲಿಟ್ಟಿದ್ದೇವೆ. ದಕ್ಷಿಣ ಭಾರತ ಮತ್ತು ಶ್ರೀಲಂಕಾಗಳೇ ತವರಾಗಿರುವ ಈ ಗಿಡವು ನಮ್ಮ ಬಿಸಿಲಿಗೂ ನಮ್ಮ ಕೆಮ್ಮಣ್ಣಿಗೂ ಒಗ್ಗಿಕೊಂಡೇ ಬೆಳೆದಿದೆ. ಹಾಗಿದ್ದೂ ಅದು ಸೊರಗುತ್ತಿದೆ ಎಂದು ಇಷ್ಟೊಂದು ಮಂದಿ ಬರೆಯುತ್ತಿರುವುದಕ್ಕೆ ಹೆಚ್ಚಿನ ಪಾಲು ಒಂದೇ ಕಾರಣ: ನಾವು ಎಲೆಯನ್ನು ನೋಡಿ ಔಷಧಿ ಹುಡುಕುತ್ತೇವೆ, ಬೇರು ಹೇಗಿದೆ ಎಂದು ನೋಡುವುದಿಲ್ಲ.

ಪ್ರಶ್ನೆ: ನಮ್ಮ ಮನೆಯ ತಾರಸಿಯ ಮೇಲೆ ಕುಂಡಗಳಲ್ಲಿ ಕನಕಾಂಬರ ಬೆಳೆಸಿದ್ದೇನೆ. ಹೊಸದಾಗಿ ಬರುವ ಎಲೆಗಳು ಹಳದಿಯಾಗುತ್ತಿದ್ದು, ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಎರೆಗೊಬ್ಬರ, ಮೊಟ್ಟೆ ಸಿಪ್ಪೆಯ ಪುಡಿ, ಒಲೆ ಬೂದಿ ಎಲ್ಲವನ್ನೂ ಹಾಕಿದ್ದೇನೆ. ಕೊಳವೆಬಾವಿಯ ನೀರನ್ನೇ ಹಾಕುತ್ತೇನೆ. ಏನು ಕೊರತೆ? (ಚಿಕ್ಕಬಳ್ಳಾಪುರದ ಓದುಗರು)

ಉತ್ತರ: ನೀವು ಲಕ್ಷಣವನ್ನು ಸ್ಪಷ್ಟವಾಗಿ ಬರೆದಿರುವುದರಿಂದ ಉತ್ತರಿಸುವುದು ಸುಲಭವಾಗಿದೆ. ಸಾರಜನಕ ಕಡಿಮೆಯಾದರೆ ಮೊದಲು ಹಳದಿಯಾಗುವುದು ಕೆಳಗಿನ ಹಳೆಯ ಎಲೆ. ಚಿಗುರೆಲೆ ಹಳದಿಯಾಗಿ ನರಗಳಷ್ಟೇ ಹಸಿರಾಗಿ ಉಳಿದರೆ ಅದು ಕಬ್ಬಿಣದ ಕೊರತೆ. ಕನಕಾಂಬರಕ್ಕೆ ಈ ತೊಂದರೆ ಬಹಳ ಬೇಗ ತಗಲುತ್ತದೆ. ಆದರೆ ನಿಮ್ಮ ಕುಂಡದ ಮಣ್ಣಿನಲ್ಲಿ ಕಬ್ಬಿಣವೇ ಇಲ್ಲವೆಂದು ಇದರ ಅರ್ಥವಲ್ಲ. ಮಣ್ಣು ಕ್ಷಾರವಾದಾಗ ಅದರಲ್ಲಿರುವ ಕಬ್ಬಿಣವು ನೀರಿನಲ್ಲಿ ಕರಗದ ರೂಪಕ್ಕೆ ತಿರುಗಿ, ಬೇರಿನ ಪಕ್ಕದಲ್ಲಿದ್ದರೂ ಗಿಡಕ್ಕೆ ದಕ್ಕುವುದಿಲ್ಲ. ನೀವು ಪ್ರೀತಿಯಿಂದ ಹಾಕಿದ ಒಲೆ ಬೂದಿ ಮತ್ತು ಮೊಟ್ಟೆ ಸಿಪ್ಪೆ ಎರಡೂ ಮಣ್ಣಿನ ಕ್ಷಾರವನ್ನು ಹೆಚ್ಚಿಸುವಂಥವು, ಸುಣ್ಣದಂಶವಿರುವ ಗಡಸು ನೀರೂ ಅದನ್ನೇ ಮಾಡುತ್ತದೆ. ಆದ್ದರಿಂದ ಮೊದಲ ಕೆಲಸವೆಂದರೆ ಬೂದಿ ಮತ್ತು ಸಿಪ್ಪೆಯನ್ನು ನಿಲ್ಲಿಸುವುದು. ಸಾಧ್ಯವಾದಷ್ಟು ದಿನ ಹಿಡಿದಿಟ್ಟ ಮಳೆನೀರನ್ನು ಹಾಕಿ.

ತಕ್ಷಣದ ಚೇತರಿಕೆಗೆ ಗ್ರಂಥಿಗೆ ಅಂಗಡಿಯಲ್ಲಿ ಸಿಗುವ ಅನ್ನಭೇದಿಯನ್ನು (ಕಬ್ಬಿಣದ ಸಲ್ಫೇಟ್) ಲೀಟರ್ ನೀರಿಗೆ 5 ಗ್ರಾಂನಂತೆ ಕರಗಿಸಿ, ಸ್ವಲ್ಪ ನಿಂಬೆರಸ ಬೆರೆಸಿ, ಸಂಜೆ ಬಿಸಿಲು ತಗ್ಗಿದ ಮೇಲೆ ಎಲೆಗಳ ಎರಡೂ ಬದಿಗೆ ಸಿಂಪಡಿಸಿ. ದ್ರಾವಣವನ್ನು ಆಗಲೇ ತಯಾರಿಸಿ ಆಗಲೇ ಬಳಸಬೇಕು. ಇಟ್ಟು ಕಂದುಬಣ್ಣಕ್ಕೆ ತಿರುಗಿದ ದ್ರಾವಣದಿಂದ ಪ್ರಯೋಜನವಿಲ್ಲ. ಹತ್ತು ಹದಿನೈದು ದಿನಕ್ಕೊಮ್ಮೆ ಎರಡು ಮೂರು ಬಾರಿ ಹೀಗೆ ಮಾಡಿದರೆ ಹೊಸ ಚಿಗುರು ಹಸಿರಾಗುತ್ತದೆ. ಈಗಾಗಲೇ ಪೂರ್ತಿ ಬಿಳಿಚಿಕೊಂಡ ಎಲೆಗಳು ಮರಳಿ ಹಸಿರಾಗದಿದ್ದರೆ ಗಾಬರಿಯಾಗಬೇಡಿ.

ಇಷ್ಟಾದ ಮೇಲೂ ಹಳದಿ ಮರಳಿದರೆ ಒಂದು ಕುಂಡವನ್ನು ಬೋರಲು ಹಾಕಿ ಮಣ್ಣಿನ ಹೆಂಟೆಯನ್ನು ಹೊರತೆಗೆದು ನೋಡಿ. ತಳದಲ್ಲಿ ನೀರು ನಿಂತು ಬೇರು ಕಪ್ಪಾಗಿದ್ದರೆ, ಕಬ್ಬಿಣ ಎಷ್ಟಿದ್ದರೂ ಆ ಬೇರು ಅದನ್ನು ಹೀರಲಾರದು. ಅಂಥ ಗಿಡಕ್ಕೆ ಬೇಕಾದದ್ದು ಕೆಮ್ಮಣ್ಣು, ಹಳೆಯ ಕೊಟ್ಟಿಗೆ ಗೊಬ್ಬರ ಮತ್ತು ದಪ್ಪ ಮರಳನ್ನು ಬೆರೆಸಿದ, ನೀರು ಬಸಿದುಹೋಗುವ ಹೊಸ ಮಣ್ಣು.

ಪ್ರಶ್ನೆ: ಹತ್ತು ಗುಂಟೆಯಲ್ಲಿ ಕನಕಾಂಬರ ಹಾಕಿ ಎರಡನೆಯ ವರ್ಷ. ಮೊದಲ ವರ್ಷ ಹೂವು ಚೆನ್ನಾಗಿ ಬಂತು. ಈಗ ಅಲ್ಲಲ್ಲಿ ಗುಂಪು ಗುಂಪಾಗಿ ಗಿಡಗಳು ಕುಗ್ಗಿ, ಎಲೆ ಸಣ್ಣದಾಗಿ ಕೆನ್ನೀಲಿ ಬಣ್ಣಕ್ಕೆ ತಿರುಗಿ, ಕೊನೆಗೆ ಒಣಗುತ್ತಿವೆ. ಹಿಂದೆ ಆ ಜಾಗದಲ್ಲಿ ಬದನೆ ಬೆಳೆಯುತ್ತಿದ್ದೆವು. ಅಂಗಡಿಯವರು ಕೊಟ್ಟ ಶಿಲೀಂಧ್ರನಾಶಕವನ್ನು ಹೊಡೆದರೂ ಗುಣ ಕಾಣಲಿಲ್ಲ. (ದಾವಣಗೆರೆ ಜಿಲ್ಲೆಯ ರೈತರು)

ಉತ್ತರ: ತೊಂದರೆ ಹೊಲದ ತುಂಬ ಒಮ್ಮೆಗೇ ಬರದೆ, ಅಲ್ಲಲ್ಲಿ ತೇಪೆಯಂತೆ ಆರಂಭವಾಗಿ ಅಗಲವಾಗುತ್ತಿದೆ ಎಂಬ ನಿಮ್ಮ ಮಾತು ಮುಖ್ಯವಾದ ಸುಳಿವು. ಒಣಗಿ ಸತ್ತ ಗಿಡವನ್ನಲ್ಲ, ಈಗಷ್ಟೇ ಕುಗ್ಗತೊಡಗಿರುವ ಗಿಡವೊಂದನ್ನು ಸಲಿಕೆಯಿಂದ ಬೇರು ಹರಿಯದಂತೆ ಅಗೆದು, ಬಕೆಟ್ ನೀರಿನಲ್ಲಿ ಮೆಲ್ಲಗೆ ಅಲುಗಿಸಿ ತೊಳೆದು ನೋಡಿ. ಬೇರಿನ ಮೇಲೆ ಸಣ್ಣ ಸಣ್ಣ ಗಂಟುಗಳಿದ್ದರೆ ಅದು ಬೇರುಗಂಟು ಜಂತುಹುಳುವಿನ ಕೆಲಸ. ಗಂಟುಗಳಿಲ್ಲದೆ ಕಂದು, ಕಪ್ಪು ಗಾಯದಂಥ ಕಲೆಗಳಿದ್ದು ಸಣ್ಣ ಬೇರುಗಳು ಉದುರಿಹೋಗಿದ್ದರೆ ಅದು ಬೇರನ್ನು ಕೊರೆದು ತಿನ್ನುವ ಇನ್ನೊಂದು ಜಾತಿಯ ಜಂತುಹುಳು, ಅಂದರೆ ಪ್ರಾಟಿಲೆಂಕಸ್. ಕನಕಾಂಬರದ ಎಲೆ ಕೆನ್ನೀಲಿಯಾಗಿ ಗಿಡ ಕುಳ್ಳಾಗುವುದು ಈ ಎರಡನೆಯದರ ಗುರುತು. ಎರಡೂ ಕಣ್ಣಿಗೆ ಕಾಣದಷ್ಟು ಸಣ್ಣವು. ಅವು ಮಾಡಿದ ಗಾಯದ ಮೂಲಕ ಫ್ಯುಸೇರಿಯಂ ಎಂಬ ಶಿಲೀಂಧ್ರ ಒಳಹೊಕ್ಕು ಸೊರಗು ರೋಗ ತರುತ್ತದೆ. ನೀವು ಹೊಡೆದ ಔಷಧಿ ಎಲೆಯ ಮೇಲೆ ಬಿತ್ತು, ರೋಗದ ಬಾಗಿಲು ಮಣ್ಣಿನೊಳಗೆ ತೆರೆದೇ ಇತ್ತು. ಗುಣ ಕಾಣದಿರುವುದಕ್ಕೆ ಇದೇ ಕಾರಣ. ಖಚಿತಪಡಿಸಿಕೊಳ್ಳಲು ಬೇರು ಮತ್ತು ಬೇರಿನ ಸುತ್ತಲಿನ ಒಂದು ಹಿಡಿ ಹಸಿಮಣ್ಣನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ಯಿರಿ.

ಬದನೆ, ಟೊಮೆಟೊ, ಬೆಂಡೆಗಳೆಲ್ಲ ಬೇರುಗಂಟು ಹುಳುವಿಗೆ ಇಷ್ಟವಾದ ಆಹಾರ. ಆ ಬೆಳೆಗಳ ಹಿಂದೆಯೇ ಕನಕಾಂಬರ ನೆಟ್ಟರೆ ಮೊದಲ ವರ್ಷ ಗಿಡ ಹೇಗೋ ತಾಳಿಕೊಳ್ಳುತ್ತದೆ, ಅಷ್ಟರಲ್ಲಿ ಹುಳುಗಳ ಸಂಖ್ಯೆ ಏರಿ ಎರಡನೆಯ ವರ್ಷ ಪರಿಣಾಮ ಕಾಣುತ್ತದೆ. ಪೂರ್ತಿ ಸೊರಗಿದ ಗಿಡಗಳನ್ನು ಬೇರುಸಹಿತ ಕಿತ್ತು ಸುಟ್ಟುಬಿಡಿ. ಅವನ್ನು ತಿಪ್ಪೆಗೆ ಹಾಕಿದರೆ ಹುಳುವನ್ನು ಮತ್ತೆ ನೀವೇ ಹೊಲಕ್ಕೆ ತಂದಂತೆ. ಒಂದು ಸಾಲಿನ ನೀರು ಇನ್ನೊಂದು ಸಾಲಿಗೆ ಹರಿಯದಂತೆ ನೋಡಿಕೊಳ್ಳಿ, ಏಕೆಂದರೆ ಹುಳು ತಾನಾಗಿ ದೂರ ಸರಿಯುವುದಿಲ್ಲ, ನೀರಿನ ಜೊತೆ ಮತ್ತು ಕಾಲಿಗೆ, ಗುದ್ದಲಿಗೆ ಮೆತ್ತಿದ ಮಣ್ಣಿನ ಜೊತೆ ಹೋಗುತ್ತದೆ. ಉಳಿದ ಗಿಡಗಳ ಬುಡಕ್ಕೆ ಗುಂಟೆಗೆ ಸುಮಾರು 10 ಕಿಲೋದಂತೆ ಬೇವಿನ ಹಿಂಡಿಯನ್ನು ಹಾಕಿ ಮಣ್ಣಿನಲ್ಲಿ ಬೆರೆಸಿ ನೀರು ಕೊಡಿ. ಟ್ರೈಕೋಡರ್ಮಾ ಮತ್ತು ಸೂಡೋಮೊನಾಸ್ ಎಂಬ ಉಪಕಾರಿ ಸೂಕ್ಷ್ಮಜೀವಿಗಳ ಪುಡಿಯನ್ನು ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ, ತೇವವಾಗಿ ನೆರಳಿನಲ್ಲಿ ಹದಿನೈದು ದಿನ ಇಟ್ಟು ಆಮೇಲೆ ಬುಡಕ್ಕೆ ಹಾಕುವುದು ಒಳ್ಳೆಯ ಕ್ರಮ.

ಮುಂದಿನ ನಾಟಿಯ ಮಾತು ಇದಕ್ಕಿಂತ ಮುಖ್ಯ. ತೋಟ ತೆಗೆದ ಮೇಲೆ ಆ ಜಾಗದಲ್ಲಿ ಒಂದು ಬೆಳೆ ಚೆಂಡುಹೂ ಹಾಕಿ. ಅದರ ಬೇರು ಹೊರಬಿಡುವ ವಸ್ತು ಜಂತುಹುಳುವಿಗೆ ವಿಷ, ಹೂವಿಗೆ ದಸರಾ ದೀಪಾವಳಿಯಲ್ಲಿ ಬೆಲೆಯೂ ಇದೆ. ಸಸಿಮಡಿಯ ಜಾಗವನ್ನು ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ನೀರುಣಿಸಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚುಗಳನ್ನು ಮಣ್ಣಿನಿಂದ ಮುಚ್ಚಿ, ನಾಲ್ಕರಿಂದ ಆರು ವಾರ ಬಿಡಿ. ಬಹಳಷ್ಟು ತೋಟಗಳಿಗೆ ಈ ಹುಳು ಬರುವುದು ಕೊಂಡುತಂದ ಸಸಿಯ ಬೇರಿನಲ್ಲೇ. ಆದ್ದರಿಂದ ಸಸಿ ಕೊಳ್ಳುವಾಗ ಎಲೆಯ ಹೊಳಪಿಗೆ ಮಾರುಹೋಗದೆ ಒಂದೆರಡು ಸಸಿಗಳ ಬೇರು ತೊಳೆದು ನೋಡಲು ಸಂಕೋಚಪಡಬೇಡಿ.

ಪ್ರಶ್ನೆ: ದೆಹಲಿ ಕನಕಾಂಬರದಲ್ಲಿ ಬೀಜವೇ ಕಟ್ಟುವುದಿಲ್ಲ. ಗಿಡದಲ್ಲಿ ದೋಷವಿದೆಯೇ? (ಮೈಸೂರಿನ ಓದುಗರು)

ಉತ್ತರ: ದೋಷವಿಲ್ಲ, ಆ ತಳಿಯ ಹುಟ್ಟುಗುಣವೇ ಅದು. ಹೆಸರು ದೆಹಲಿಯದಾದರೂ ದಕ್ಷಿಣದ ಹೂ ಬೆಳೆಗಾರರಿಗೆ ಅಚ್ಚುಮೆಚ್ಚಾದ ಈ ತಳಿಯು ತ್ರಿಗುಣಿತ, ಅಂದರೆ ಅದರ ಜೀವಕೋಶದಲ್ಲಿ ವರ್ಣತಂತುಗಳ ಮೂರು ಗುಂಪುಗಳಿವೆ. ಬೀಜ ಕಟ್ಟಲು ಅವು ಎರಡು ಸಮಪಾಲಾಗಬೇಕು. ಮೂರು ಗುಂಪುಗಳನ್ನು ಸಮವಾಗಿ ಹಂಚಲಾಗದು. ಈ ತಳಿಯಲ್ಲಿ ಹೂವು ದೊಡ್ಡದಾಗಿ, ಎಸಳು ಅಗಲವಾಗಿ ಬರುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯು ಅರ್ಕಾ ಅಂಬರ, ಅರ್ಕಾ ಕನಕ ಮುಂತಾದ ತಳಿಗಳನ್ನು ಹೊರತಂದಿದ್ದು, ಅವನ್ನೂ ವಿಚಾರಿಸಬಹುದು.

ದೆಹಲಿ ಕನಕಾಂಬರವನ್ನು ಕಡ್ಡಿಯಿಂದಲೇ ಬೆಳೆಸಬೇಕು. ತೆನೆ ಬಿಡದ, ತೀರ ಎಳೆಯದೂ ಬಲಿತದ್ದೂ ಅಲ್ಲದ ತುದಿಕೊಂಬೆಯನ್ನು ಮೂರು ನಾಲ್ಕು ಗೆಣ್ಣುಗಳಷ್ಟು ಉದ್ದಕ್ಕೆ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಮರಳು ಮತ್ತು ತೆಂಗಿನ ನಾರಿನ ಪುಡಿಯ ಮಿಶ್ರಣದಲ್ಲಿ ಊರಿ, ನೆರಳಿನಲ್ಲಿ ಗಾಳಿಯ ತೇವ ಆರದಂತೆ ಪ್ಲಾಸ್ಟಿಕ್ ಮುಚ್ಚಿಡಿ. ಮೂರು ನಾಲ್ಕು ವಾರಗಳಲ್ಲಿ ಬೇರು ಬರುತ್ತದೆ. ರೋಗವಿದ್ದ ತೋಟದ ಗಿಡವಾದರೂ ನೆಲದಿಂದ ಎತ್ತರದ ಆರೋಗ್ಯವಂತ ತುದಿಯನ್ನು ಶುದ್ಧ ಮಿಶ್ರಣದಲ್ಲಿ ಬೇರೂರಿಸಿದರೆ ಜಂತುಹುಳು ಅದರ ಜೊತೆ ಬರುವುದಿಲ್ಲ. ಈ ಅನುಕೂಲವನ್ನು ನಮ್ಮ ಬೆಳೆಗಾರರು ಇನ್ನೂ ಹೆಚ್ಚಾಗಿ ಬಳಸಿಕೊಳ್ಳಬೇಕೆಂಬುದು ನನ್ನ ಆಸೆ.

ಪ್ರಶ್ನೆ: ನಾಟಿ ಕನಕಾಂಬರದ ಬೀಜ ಹಿಡಿಯಲು ಹೋದರೆ ಎಲ್ಲ ಸಿಡಿದುಹೋಗಿರುತ್ತವೆ. (ತುಮಕೂರಿನ ಓದುಗರು)

ಉತ್ತರ: ಒಣಗಿದ ಕಾಯಿಗೆ ನೀರು ತಾಗಿದಾಗ ಅದು ಟಪ್ಪೆಂದು ಒಡೆದು ಬೀಜವನ್ನು ದೂರಕ್ಕೆ ಎಸೆಯುತ್ತದೆ. ಹಾಗಾಗಿ ಇಬ್ಬನಿ ಬೀಳುವ ಮುಂಜಾನೆಗೆ ಕಾಯಬೇಡಿ. ತೆನೆ ಕಂದಾಗಿ ಒಣಗಿದ ಕೂಡಲೇ ಬಿಸಿಲಿನ ಹೊತ್ತಿನಲ್ಲಿ ಕತ್ತರಿಸಿ, ಅಗಲ ಬಾಯಿಯ ಪಾತ್ರೆಗೆ ಹಾಕಿ, ನೀರು ಚಿಮುಕಿಸಿ, ಕೂಡಲೇ ಬಟ್ಟೆ ಕಟ್ಟಿ ಮುಚ್ಚಿ. ಸಿಡಿದ ಬೀಜಗಳನ್ನು ನೆರಳಿನಲ್ಲಿ ಒಣಗಿಸಿಕೊಳ್ಳಬಹುದು. ಬೀಜಕ್ಕೆಂದು ಒಂದೆರಡು ಗಿಡ ಬಿಟ್ಟು, ಮಿಕ್ಕವುಗಳ ಹೂ ಮುಗಿದ ತೆನೆಗಳನ್ನು ಕತ್ತರಿಸುತ್ತಿದ್ದರೆ ಹೊಸ ತೆನೆ ಬೇಗ ಬರುತ್ತದೆ.

ಪ್ರಶ್ನೆ: ನಮ್ಮಲ್ಲಿ ಮಳೆಗಾಲದಲ್ಲಿ ಅಬ್ಬಲಿಗೆ (ಕನಕಾಂಬರ) ಗಿಡ ಕೊಳೆಯುತ್ತದೆ, ಹೂವೂ ಇಲ್ಲ. ಹೂ ಬಿಡುವ ಕಾಲದಲ್ಲಿ ದಿನವೂ ಕೊಯ್ಯಬೇಕೇ? (ಉಡುಪಿಯ ಓದುಗರು)

ಉತ್ತರ: ಕರಾವಳಿಯ ಜೂನ್, ಜುಲೈ ಮಳೆಯಲ್ಲಿ ಹೂ ಕಡಿಮೆಯಾಗುವುದು ಸಹಜ, ಅದಕ್ಕಾಗಿ ಗೊಬ್ಬರ ಸುರಿಯುವುದು ಬೇಡ. ಕೊಳೆಯದಂತೆ ಮಾತ್ರ ಮಾಡಬಹುದು: ಮಳೆಗೆ ಮೊದಲೇ ಗಿಡಗಳನ್ನು ಒಂದಡಿ ಎತ್ತರದ ಏರುಮಡಿಯ ಮೇಲೆ ನೆಟ್ಟು ನೀರು ಹರಿದುಹೋಗುವ ಕಾಲುವೆ ಬಿಡಿಸಿ, ಕುಂಡಗಳಾದರೆ ಮಾಡಿನ ಕೆಳಗೆ ಸರಿಸಿ. ಸೆಪ್ಟೆಂಬರಿನಲ್ಲಿ ಒಣಕೊಂಬೆ ಸವರಿ ಗೊಬ್ಬರ ಕೊಟ್ಟರೆ ಗಿಡ ಮತ್ತೆ ತೆನೆ ಬಿಡುತ್ತದೆ.

ಒಂದು ತೆನೆಯಲ್ಲಿ ಹೂಗಳು ಕೆಳಗಿನಿಂದ ಮೇಲಕ್ಕೆ ದಿನಕ್ಕೆ ಕೆಲವೇ ಅರಳುತ್ತ ಎರಡು ಮೂರು ವಾರ ನಡೆಯುತ್ತವೆ. ಅರಳಿದ ಹೂ ಗಿಡದಲ್ಲಿ ಬೇಗ ಬಾಡುವುದಿಲ್ಲವಾದ್ದರಿಂದ ದಿನ ಬಿಟ್ಟು ದಿನ, ಬಿಸಿಲೇರುವ ಮೊದಲು ಕೊಯ್ದರೆ ಸಾಕು. ಮುಡಿಗೆ ಮಲ್ಲಿಗೆ, ಮರುಗದ ಜೊತೆ ಕಟ್ಟುವವರು ಹಸಿಬಟ್ಟೆಯಲ್ಲಿ ಸುತ್ತಿಡಿ, ನೀರಿನಲ್ಲಿ ಅದ್ದಬೇಡಿ.

ಪ್ರಶ್ನೆ: ಇಂಗ್ಲೆಂಡಿನಲ್ಲಿದ್ದೇನೆ. ಇಲ್ಲಿ ಮನೆಯೊಳಗೆ ಕನಕಾಂಬರ ಬದುಕೀತೇ? ಊರಿನಿಂದ ಕಡ್ಡಿ ತರಬಹುದೇ? (ಲಂಡನ್ನಿನ ಓದುಗರು)

ಉತ್ತರ: ಸಸ್ಯಾರೋಗ್ಯ ಪ್ರಮಾಣಪತ್ರವಿಲ್ಲದೆ ಗಿಡವನ್ನಾಗಲಿ ಕಡ್ಡಿಯನ್ನಾಗಲಿ ಅಲ್ಲಿಗೆ ಒಯ್ಯುವಂತಿಲ್ಲ, ಅದರ ಅಗತ್ಯವೂ ಇಲ್ಲ. ಯುರೋಪಿನಲ್ಲಿ ಇದು ಕ್ರಾಸಾಂಡ್ರಾ ಎಂಬ ಹೆಸರಿನಲ್ಲಿ ಕುಂಡದ ಗಿಡವಾಗಿ ಮಾರಾಟವಾಗುತ್ತದೆ. ಸ್ವೀಡನ್ನಿನಲ್ಲಿ ರೂಪುಗೊಂಡ ‘ಮೋನಾ ವಾಲ್‌ಹೆಡ್’ ಎಂಬ ಗಿಡ್ಡ ತಳಿ ಕಿಟಕಿಯ ಬಳಿ ಇಡಲು ಹೇಳಿ ಮಾಡಿಸಿದಂತಿದೆ.

ಅಲ್ಲಿ ಗಿಡಕ್ಕೆ ಎರಡು ಕಷ್ಟಗಳಿವೆ. ಒಂದು ಚಳಿ: ರಾತ್ರಿ 15 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯದ ಕೋಣೆಯಲ್ಲಿ, ದಕ್ಷಿಣ ದಿಕ್ಕಿನ ಕಿಟಕಿಯ ಬಳಿ, ಆದರೆ ತಣ್ಣನೆಯ ಗಾಜಿಗೆ ಎಲೆ ತಾಗದಂತೆ ಇಡಬೇಕು. ಇನ್ನೊಂದು, ಹೀಟರಿನ ಒಣಗಾಳಿ. ಅದರಿಂದ ಎಲೆಯಂಚು ಮುರುಟಿ, ಎಲೆಯಡಿ ಕೆಂಪು ನುಸಿ ಸೇರುತ್ತದೆ. ತಟ್ಟೆಯಲ್ಲಿ ಬೆಣಚುಕಲ್ಲು ಹರಡಿ, ಕಲ್ಲು ಮುಳುಗದಷ್ಟು ನೀರು ಹಾಕಿ, ಅದರ ಮೇಲೆ ಕುಂಡವಿಟ್ಟರೆ ಗಿಡದ ಸುತ್ತ ಸ್ವಲ್ಪ ತೇವ ಉಳಿಯುತ್ತದೆ. ಲಂಡನ್ನಿನ ನಲ್ಲಿ ನೀರು ಸುಣ್ಣದಂಶದಿಂದ ಗಡಸಾಗಿರುವುದರಿಂದ ಚಿಕ್ಕಬಳ್ಳಾಪುರದ ಓದುಗರಿಗೆ ಹೇಳಿದ ಮಳೆನೀರಿನ ಮಾತು ನಿಮಗೂ ಅನ್ವಯಿಸುತ್ತದೆ. ಆ ನೀರನ್ನು ಕೋಣೆಯ ಬಿಸುಪಿಗೆ ಬಂದ ಮೇಲೆ ಹಾಕಿ. ನವೆಂಬರಿನಿಂದ ಫೆಬ್ರವರಿವರೆಗೆ ಮೇಲ್ಮಣ್ಣು ಒಣಗಿದ ಮೇಲಷ್ಟೇ ನೀರು ಕೊಡಿ, ಗೊಬ್ಬರ ಬೇಡ. ಕುಂಡ ಬದಲಿಸುವುದಿದ್ದರೆ ಮಾರ್ಚ್ ಕೊನೆಯಲ್ಲಿ ಹೊಸ ಚಿಗುರು ಕಂಡ ಮೇಲೆ ಬದಲಿಸಿ, ಕೊಂಬೆಗಳನ್ನು ಅರ್ಧಕ್ಕೆ ಸವರಿ.